ಭೂಮಾಪನ ಗ್ರಾಹಕಗಳ ಹೊರ ಆಂಟೆನ: ಆಯ್ಕೆಯ ತತ್ತ್ವ, ಬಳಕೆಯ ಕ್ರಮ

ಕೃತಕ ಉಪಗ್ರಹಗಳಿಂದ ಬರುವ ನಿಸ್ತಂತು ಸಂಕೇತಗಳನ್ನು ಹಿಡಿದು, ನೆಲದ ಮೇಲಣ ಬಿಂದುಗಳ ಸ್ಥಾನವನ್ನು ಸೆಂಟಿಮೀಟರಿನ ನಿಖರತೆಯಿಂದ ನಿರ್ಣಯಿಸುವ ವಿಧಾನವು ಇಂದು ಭೂಮಾಪನದ ಬಹುತೇಕ ಎಲ್ಲ ಶಾಖೆಗಳಲ್ಲಿಯೂ ನೆಲೆಗೊಂಡಿದೆ. ಕಾಲುವೆಯ ಮಟ್ಟ, ಅಣೆಕಟ್ಟಿನ ಚಲನೆ, ಹಳ್ಳಿಯ ಮನೆಗಳ ಗಡಿ, ರಸ್ತೆಯ ತಿರುವು ಇವೆಲ್ಲವೂ ಈ ವಿಧಾನದಿಂದ ಅಳೆಯಲ್ಪಡುತ್ತಿವೆ. ಕಾಲೇಜುಗಳ ಪ್ರಯೋಗಶಾಲೆಗಳಿಗೂ ಇಂತಹ ಗ್ರಾಹಕಯಂತ್ರಗಳು ಬಂದಿವೆ. ಆದರೆ ಗ್ರಾಹಕಯಂತ್ರದ ಗುಣಗಳನ್ನು ಕುರಿತು ನಡೆಯುವಷ್ಟು ವಿಚಾರವು, ಅದಕ್ಕೆ ಕೇಬಲಿನ ಮೂಲಕ ಕೂಡಿಸಲ್ಪಡುವ ಆಂಟೆನವನ್ನು ಕುರಿತು ನಡೆಯುವುದು ವಿರಳ. ಆಂಟೆನವೆಂದರೆ ಸಂಕೇತವನ್ನು ಹಿಡಿಯುವ ಒಂದು ಸಲಕರಣೆ, ಅದು ಯಾವುದಾದರೂ ಆಗಬಹುದು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ.

ಈ ಭಾವನೆ ಸರಿಯಲ್ಲವೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಉಪಗ್ರಹ ಭೂಮಾಪನದಲ್ಲಿ ಸ್ಥಾನ ನಿರ್ಣಯವಾಗುವುದು ಗ್ರಾಹಕಯಂತ್ರದ್ದಲ್ಲ. ನೆಲದಲ್ಲಿ ನೆಟ್ಟ ಕಲ್ಲಿನದೂ ಅಲ್ಲ. ಆಂಟೆನದೊಳಗಿನ, ಕಣ್ಣಿಗೆ ಕಾಣದ ಒಂದು ಬಿಂದುವಿನ ಸ್ಥಾನ ಮಾತ್ರ ನಿರ್ಣಯವಾಗುತ್ತದೆ. ಆ ಬಿಂದುವಿನಿಂದ ಕಲ್ಲಿನವರೆಗಿನ ಅಂತರವನ್ನು ನಾವು ಬೇರೆಯಾಗಿ ತಿಳಿದು ಕಳೆಯಬೇಕು. ಆಂಟೆನದ ಆಯ್ಕೆ, ಸ್ಥಾಪನೆ, ಬಳಕೆ ಇವುಗಳ ನಿಯಮಗಳೆಲ್ಲವೂ ಈ ಅಂತರವನ್ನು ನಂಬಲರ್ಹವನ್ನಾಗಿ ಮಾಡುವುದಕ್ಕಾಗಿಯೇ ಹುಟ್ಟಿದವು ಎಂದು ತಿಳಿದರೆ ಉಳಿದುದೆಲ್ಲ ಸುಲಭವಾಗುತ್ತದೆ.

ಕೋಲಿನ ತುದಿಯಲ್ಲಿ ಗ್ರಾಹಕ ಮತ್ತು ಆಂಟೆನ ಒಂದೇ ಕವಚದಲ್ಲಿ ಕೂಡಿರುವ ಯಂತ್ರಗಳು ಇಂದು ಹೆಚ್ಚಾಗಿ ಬಳಕೆಯಲ್ಲಿವೆ. ಹಾಗಿದ್ದರೂ ನಿರಂತರವಾಗಿ ನಡೆಯುವ ನೆಲೆಗಳಲ್ಲಿ, ಅಣೆಕಟ್ಟು ಸೇತುವೆಗಳ ವೀಕ್ಷಣೆಯಲ್ಲಿ, ನೀರಿನ ಆಳ ಅಳೆಯುವ ದೋಣಿಗಳಲ್ಲಿ, ವಾಹನಗಳಲ್ಲಿ, ಆಂಟೆನ ಒಂದೆಡೆ ಗ್ರಾಹಕ ಇನ್ನೊಂದೆಡೆ ಇರುವುದು ಅನಿವಾರ್ಯ. ಇಂತಹ ಪ್ರತ್ಯೇಕ ಆಂಟೆನವನ್ನೇ ಇಲ್ಲಿ ಹೊರ ಆಂಟೆನವೆಂದು ಕರೆದಿದ್ದೇವೆ. ಕೂಡುಯಂತ್ರಗಳಿಗೂ ಮುಂದಿನ ಮಾತುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

1. ಸಂಕೇತದ ಸ್ವರೂಪ

ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಅವು ಮುಖ್ಯವಾಗಿ ಮೂರು ಆವೃತ್ತಿಗಳಲ್ಲಿ ಸಂಕೇತಗಳನ್ನು ಕಳುಹಿಸುತ್ತವೆ. ಎಲ್‌1 ಎಂಬುದರ ಆವೃತ್ತಿ 1575.42 ಮೆಗಾಹರ್ಟ್ಸ್, ತರಂಗದೂರ ಸುಮಾರು 19.0 ಸೆಂಟಿಮೀಟರು. ಎಲ್‌2 ಎಂಬುದು 1227.60 ಮೆಗಾಹರ್ಟ್ಸ್, ತರಂಗದೂರ 24.4 ಸೆಂಟಿಮೀಟರು. ಎಲ್‌5 ಎಂಬುದು 1176.45 ಮೆಗಾಹರ್ಟ್ಸ್, ತರಂಗದೂರ 25.5 ಸೆಂಟಿಮೀಟರು. ಭೂಮಾಪನದ ಗ್ರಾಹಕವು ಈ ತರಂಗಗಳ ಪ್ರಾವಸ್ಥೆಯನ್ನು, ಎಂದರೆ ತರಂಗವು ತನ್ನ ಒಂದು ಆವರ್ತದಲ್ಲಿ ಯಾವ ಹಂತದಲ್ಲಿದೆ ಎಂಬುದನ್ನು, ಅಳೆಯುತ್ತದೆ. ಒಂದು ಆವರ್ತದ ನೂರನೆಯ ಒಂದು ಭಾಗವನ್ನು ಗುರುತಿಸಿದರೆ ಸುಮಾರು 2 ಮಿಲಿಮೀಟರು ದೂರವನ್ನು ಗುರುತಿಸಿದಂತೆ. ಸೆಂಟಿಮೀಟರಿನ ನಿಖರತೆ ಸಾಧ್ಯವಾಗುವುದು ಹೀಗೆ.

ನೆಲವನ್ನು ಮುಟ್ಟುವಾಗ ಈ ಸಂಕೇತದ ಶಕ್ತಿ ಅತ್ಯಲ್ಪ. ಒಂದು ವ್ಯಾಟನ್ನು ನೂರು ಕೋಟಿ ಕೋಟಿ ಭಾಗಗಳನ್ನಾಗಿ ಮಾಡಿದರೆ ಅದರಲ್ಲಿ ಒಂದೆರಡು ಭಾಗದಷ್ಟು ಮಾತ್ರ ಆಂಟೆನಕ್ಕೆ ಸಿಕ್ಕುತ್ತದೆ. ಇದು ಗ್ರಾಹಕದೊಳಗೆ ಉಷ್ಣದಿಂದ ಸಹಜವಾಗಿ ಹುಟ್ಟುವ ವಿದ್ಯುತ್ ಗದ್ದಲಕ್ಕಿಂತಲೂ ಕಡಿಮೆ. ಸಂಕೇತದಲ್ಲಿ ಅಡಗಿರುವ ಗೊತ್ತಾದ ಸಂಖ್ಯಾಕ್ರಮದ ಸಹಾಯದಿಂದಲೇ ಗ್ರಾಹಕವು ಅದನ್ನು ಗದ್ದಲದೊಳಗಿಂದ ಹೆಕ್ಕಿ ತೆಗೆಯುತ್ತದೆ.

ಸಂಕೇತದ ಇನ್ನೊಂದು ಲಕ್ಷಣವೂ ಗಮನಾರ್ಹವಾದುದು. ಈ ತರಂಗಗಳು ಬಲಸುತ್ತಿನ ವೃತ್ತ ಧ್ರುವೀಕರಣವನ್ನು ಹೊಂದಿವೆ. ವಿದ್ಯುತ್ ಕ್ಷೇತ್ರದ ದಿಕ್ಕು ಬಲತಿರುಪಿನ ತಿರುಚುಮೊಳೆಯಂತೆ ಸುತ್ತುತ್ತ ಮುನ್ನಡೆಯುತ್ತದೆ. ನೆಲದಿಂದಲೋ ಗೋಡೆಯಿಂದಲೋ ಪ್ರತಿಫಲಿಸಿದಾಗ ಈ ಸುತ್ತು ಬಹುಮಟ್ಟಿಗೆ ಎಡಸುತ್ತಾಗಿ ಮಾರ್ಪಡುತ್ತದೆ. ಆದುದರಿಂದ ಬಲಸುತ್ತನ್ನು ಸ್ವೀಕರಿಸಿ ಎಡಸುತ್ತನ್ನು ತಿರಸ್ಕರಿಸುವ ಆಂಟೆನವು ಪ್ರತಿಫಲಿತ ತರಂಗವನ್ನು ತಾನೇ ಒಂದಿಷ್ಟು ದೂರವಿಡುತ್ತದೆ.

ರೇಡಿಯೋ ಪ್ರಸಾರದಲ್ಲಿ ಆಂಟೆನದ ಗಳಿಕೆ ಹೆಚ್ಚಿದಷ್ಟೂ ಒಳ್ಳೆಯದೆಂದು ಹೇಳುವುದುಂಟು. ಇಲ್ಲಿ ಆ ಮಾತು ಸಲ್ಲುವುದಿಲ್ಲ. ಗಳಿಕೆ ಹೆಚ್ಚುವುದೆಂದರೆ ಒಂದು ದಿಕ್ಕಿಗೆ ಬಿಗಿಯಾಗುವುದು. ಉಪಗ್ರಹಗಳಾದರೋ ಆಕಾಶದ ಎಲ್ಲ ಕಡೆಗಳಲ್ಲಿಯೂ ಇರುತ್ತವೆ. ನೆತ್ತಿಯಿಂದ ಹಿಡಿದು ದಿಗಂತದಿಂದ 10 ಡಿಗ್ರಿ ಮೇಲಿನವರೆಗೆ ಎಲ್ಲವನ್ನೂ ಸಮನಾಗಿ ಕಂಡು, ದಿಗಂತದ ಕೆಳಗಿನಿಂದ ಬರುವುದನ್ನು ಕಾಣದಿರುವುದೇ ಇಲ್ಲಿ ಆಂಟೆನದ ಆದರ್ಶ.

2. ಪ್ರಾವಸ್ಥಾ ಕೇಂದ್ರ

ಆಂಟೆನವು ಸಂಕೇತವನ್ನು ಯಾವ ಬಿಂದುವಿನಲ್ಲಿ ಸ್ವೀಕರಿಸಿದಂತೆ ಅಳತೆಗಳು ತೋರಿಸುತ್ತವೆಯೋ ಆ ಬಿಂದುವಿಗೆ ಪ್ರಾವಸ್ಥಾ ಕೇಂದ್ರವೆಂದು ಹೆಸರು. ಅದು ಲೋಹದ ಮೇಲೆ ಗುರುತು ಮಾಡಬಹುದಾದ ಬಿಂದುವಲ್ಲ. ಅಷ್ಟೇ ಅಲ್ಲದೆ ಅದು ಒಂದೇ ಬಿಂದುವೂ ಅಲ್ಲ. ಎಲ್‌1 ಆವೃತ್ತಿಗೆ ಒಂದು ಕಡೆ, ಎಲ್‌2 ಆವೃತ್ತಿಗೆ ಇನ್ನೊಂದು ಕಡೆ ಇರುತ್ತದೆ. ಉಪಗ್ರಹವು ನೆತ್ತಿಯಲ್ಲಿದ್ದಾಗ ಒಂದು ಬಗೆ, ದಿಗಂತಕ್ಕೆ ಇಳಿದಾಗ ಇನ್ನೊಂದು ಬಗೆಯಾಗಿ ಸರಿಯುತ್ತದೆ.

ಇದನ್ನು ವ್ಯವಹಾರಕ್ಕೆ ತರುವುದಕ್ಕಾಗಿ ಮೂರು ಪರಿಮಾಣಗಳನ್ನು ಗೊತ್ತುಮಾಡಿಕೊಂಡಿದ್ದಾರೆ. ಮೊದಲನೆಯದು ಆಂಟೆನದ ಉಲ್ಲೇಖಬಿಂದು. ಇದು ಸಾಮಾನ್ಯವಾಗಿ ಆಂಟೆನದ ಕೆಳಗಡೆ, ತಿರುಪು ಕೂಡುವ ಸಮತಲದಲ್ಲಿರುತ್ತದೆ. ಕೈಯಿಂದ ಮುಟ್ಟಿ ಅಳೆಯಬಹುದಾದುದು ಇದೊಂದೇ. ಎರಡನೆಯದು ಉಲ್ಲೇಖಬಿಂದುವಿನಿಂದ ಸರಾಸರಿ ಪ್ರಾವಸ್ಥಾ ಕೇಂದ್ರಕ್ಕಿರುವ ಅಂತರ. ಮೂರನೆಯದು ಉಪಗ್ರಹದ ದಿಕ್ಕಿಗನುಸಾರವಾಗಿ ಆ ಸರಾಸರಿಯಿಂದಾಗುವ ಏರಿಳಿತ. ಎರಡನೆಯ ಮತ್ತು ಮೂರನೆಯ ಪರಿಮಾಣಗಳನ್ನು ಪ್ರತಿಯೊಂದು ಮಾದರಿಯ ಆಂಟೆನಕ್ಕೂ ಪರೀಕ್ಷೆಯಿಂದ ಕಂಡುಹಿಡಿದು ಕೋಷ್ಟಕಗಳಲ್ಲಿ ಪ್ರಕಟಿಸುತ್ತಾರೆ.

ಹಿಂದೆ ಈ ಪರೀಕ್ಷೆಯು ಸಾಪೇಕ್ಷವಾಗಿತ್ತು. ಗೊತ್ತಾದ ಒಂದು ಮಾದರಿಯ ಉಂಗುರ ಆಂಟೆನವನ್ನು ಪ್ರಮಾಣವಾಗಿಟ್ಟುಕೊಂಡು, ಅದರ ಕೇಂದ್ರವು ಉಲ್ಲೇಖಬಿಂದುವಿನಿಂದ ಎಲ್‌1ಗೆ 110 ಮಿಲಿಮೀಟರು, ಎಲ್‌2ಗೆ 128 ಮಿಲಿಮೀಟರು ಮೇಲಿದೆಯೆಂದೂ ಅದರಲ್ಲಿ ಏರಿಳಿತವೇ ಇಲ್ಲವೆಂದೂ ಭಾವಿಸಿ, ಉಳಿದ ಆಂಟೆನಗಳನ್ನು ಅದರೊಡನೆ ಹೋಲಿಸುತ್ತಿದ್ದರು. ಅನಂತರ ಆಂಟೆನವನ್ನು ಯಾಂತ್ರಿಕ ತೋಳಿನ ಮೇಲಿಟ್ಟು ಎಲ್ಲ ದಿಕ್ಕುಗಳಿಗೂ ಓರೆ ಮಾಡಿ ತಿರುಗಿಸುತ್ತ ನಿರಪೇಕ್ಷವಾಗಿ ಪರೀಕ್ಷಿಸುವ ಕ್ರಮ ಬಂದಿತು. ಆಗ ಅದೇ ಆಂಟೆನದ ಅಂತರಗಳು ಸುಮಾರು 91 ಮತ್ತು 120 ಮಿಲಿಮೀಟರುಗಳೆಂದು ತಿಳಿದುಬಂದಿತು, ಏರಿಳಿತವಿದೆಯೆಂಬುದೂ ಗೊತ್ತಾಯಿತು. ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ ಸೇವಾಸಂಸ್ಥೆಯು 2006ರ ನವೆಂಬರ್ 5ರಿಂದ ನಿರಪೇಕ್ಷ ಕೋಷ್ಟಕಗಳನ್ನು ಅಂಗೀಕರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ನೆಲೆಯು ಈ ಸೇವಾಸಂಸ್ಥೆಯ ಜಾಲಕ್ಕೆ ಸೇರಿದುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬಹುದು. 2006ರ ಆ ಬದಲಾವಣೆಯಲ್ಲಿ ಆಂಟೆನವು ಬದಲಾಗಲಿಲ್ಲ, ಅಳತೆಯ ಸಂಪ್ರದಾಯ ಬದಲಾಯಿತು. ಆದಕಾರಣ ಒಂದೇ ಲೆಕ್ಕದಲ್ಲಿ ಒಂದು ಆಂಟೆನಕ್ಕೆ ಸಾಪೇಕ್ಷ ಕೋಷ್ಟಕವನ್ನೂ ಇನ್ನೊಂದಕ್ಕೆ ನಿರಪೇಕ್ಷ ಕೋಷ್ಟಕವನ್ನೂ ಬೆರೆಸಲಾಗದು.

ಈ ಅಂತರದ ದೋಷವು ಮುಖ್ಯವಾಗಿ ಎತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಆಂಟೆನದ ರಚನೆಯು ಸುತ್ತಲೂ ಸಮವಾಗಿರುವುದರಿಂದ ಅಡ್ಡದಿಕ್ಕಿನ ಸರಿತವು ಕೆಲವು ಮಿಲಿಮೀಟರುಗಳನ್ನು ಮೀರುವುದು ಅಪೂರ್ವ. ಮೇಲುದಿಕ್ಕಿನಲ್ಲಿ ಅಂತಹ ಸಮತೆ ಇಲ್ಲ. ಉಪಗ್ರಹಗಳೆಲ್ಲವೂ ಮೇಲೆಯೇ ಇದ್ದು, ಕೆಳಗಿನಿಂದ ಸರಿದೂಗಿಸುವ ಅಳತೆ ಯಾವುದೂ ದೊರೆಯುವುದಿಲ್ಲ. ಎರಡು ನೆಲೆಗಳಲ್ಲಿಯೂ ಒಂದೇ ಮಾದರಿಯ ಆಂಟೆನಗಳನ್ನು ಒಂದೇ ದಿಕ್ಕಿಗೆ ಇಟ್ಟು, ನೆಲೆಗಳು ಹತ್ತಿರವಿದ್ದರೆ ದೋಷಗಳು ಪರಸ್ಪರ ಕಳೆದುಹೋಗುತ್ತವೆ. ಬೇರೆ ಬೇರೆ ಮಾದರಿಗಳನ್ನು ಬಳಸಿ ಕೋಷ್ಟಕವನ್ನು ಅಲಕ್ಷಿಸಿದರೆ, ಎತ್ತರದಲ್ಲಿ ಹಲವು ಸೆಂಟಿಮೀಟರುಗಳ ತಪ್ಪು ಉಳಿದುಬಿಡುತ್ತದೆ.

ಇದರ ಬೆಲೆ ಏನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 5000ಕ್ಕೆ 1ರಂತೆ ಇಳಿಜಾರುಳ್ಳ ನೀರಾವರಿ ಕಾಲುವೆಯು ಒಂದು ಕಿಲೋಮೀಟರಿಗೆ 20 ಸೆಂಟಿಮೀಟರು ಮಾತ್ರ ಇಳಿಯುತ್ತದೆ. ಮಟ್ಟದ ಕಲ್ಲಿನ ಎತ್ತರದಲ್ಲಿ 8 ಸೆಂಟಿಮೀಟರು ತಪ್ಪಿದರೆ, 400 ಮೀಟರು ಉದ್ದದ ಇಳಿತವೇ ತಪ್ಪಿದಂತಾಗುತ್ತದೆ. ಇದು ಗ್ರಾಹಕದ ತೆರೆಯ ಮೇಲೆ ಕಾಣುವ ತಪ್ಪಲ್ಲ. ಅಳತೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡೇ ಇರುತ್ತವೆ. ಎಲ್ಲವೂ ಒಟ್ಟಾಗಿ ತಪ್ಪಿರುತ್ತವೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಏರದಿದ್ದಾಗ ಮಾತ್ರ ಅದು ಗೊತ್ತಾಗುತ್ತದೆ.

3. ಬಹುಪಥ ಮತ್ತು ಅದರ ನಿವಾರಣೆ

ಉಪಗ್ರಹದಿಂದ ನೇರವಾಗಿ ಬಂದ ತರಂಗದೊಡನೆ, ನೆಲ, ಗೋಡೆ, ತಗಡಿನ ಛಾವಣಿ, ನೀರು ಇವುಗಳಿಂದ ಪ್ರತಿಫಲಿಸಿ ಬಂದ ತರಂಗವೂ ಆಂಟೆನದಲ್ಲಿ ಸೇರಿದರೆ, ಎರಡರ ಮೊತ್ತದ ಪ್ರಾವಸ್ಥೆಯು ನೇರ ತರಂಗದ ಪ್ರಾವಸ್ಥೆಗಿಂತ ಬೇರೆಯಾಗುತ್ತದೆ. ಇದಕ್ಕೆ ಬಹುಪಥದೋಷವೆಂದು ಹೆಸರು. ಪ್ರತಿಫಲಿತ ತರಂಗವು ನೇರ ತರಂಗಕ್ಕಿಂತ ದುರ್ಬಲವಾಗಿರುವವರೆಗೆ ಈ ದೋಷವು ಕಾಲು ತರಂಗದೂರವನ್ನು, ಎಂದರೆ ಎಲ್‌1ರಲ್ಲಿ ಸುಮಾರು 4.8 ಸೆಂಟಿಮೀಟರನ್ನು, ಮೀರಲಾರದು. ಆದರೆ ಅಯಾನಗೋಲದ ಪರಿಣಾಮವನ್ನು ಕಳೆಯುವುದಕ್ಕಾಗಿ ಎಲ್‌1ರ ಅಳತೆಯನ್ನು 2.546ರಿಂದಲೂ ಎಲ್‌2ರ ಅಳತೆಯನ್ನು 1.546ರಿಂದಲೂ ಗುಣಿಸಿ ವ್ಯವಕಲನ ಮಾಡುವ ರೂಢಿಯಿದೆ. ಎರಡು ಅಳತೆಗಳ ದೋಷಗಳು ಸಮನಾಗಿಯೂ ಪರಸ್ಪರ ಸ್ವತಂತ್ರವಾಗಿಯೂ ಇದ್ದಲ್ಲಿ, ಈ ಕ್ರಿಯೆಯಿಂದ ಅವು ಸುಮಾರು 3 ಪಟ್ಟು ಹಿಗ್ಗುತ್ತವೆ.

ಎರಡು ಮೀಟರು ಎತ್ತರದ ಮುಕ್ಕಾಲಿಯ ಮೇಲಿಟ್ಟ ಆಂಟೆನಕ್ಕೆ ನೆಲದ ಪ್ರತಿಫಲನವು ಕೆಳಗಿನಿಂದ ಬರುತ್ತದೆ. ಇದನ್ನು ತಡೆಯುವುದಕ್ಕೆ ಆಂಟೆನದ ಕೆಳಗೆ ಲೋಹದ ಫಲಕವನ್ನು ಇಡುವುದು ಸರಳ ಉಪಾಯ. ಆದರೆ ಫಲಕದ ಅಂಚನ್ನು ಮುಟ್ಟಿದ ತರಂಗವು ಲೋಹದ ಮೇಲ್ಮೈಯನ್ನೇ ಅನುಸರಿಸಿ ಒಳಕ್ಕೆ ಹರಿಯಬಲ್ಲದು. ಇದನ್ನೂ ತಡೆಯುವುದು ಉಂಗುರ ಆಂಟೆನದ ಉದ್ದೇಶ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ರೂಪುಗೊಂಡ ಈ ರಚನೆಯಲ್ಲಿ ಒಂದರ ಹೊರಗೊಂದು ವೃತ್ತಾಕಾರದ ಲೋಹದ ಗೋಡೆಗಳಿದ್ದು, ಅವುಗಳ ನಡುವಣ ತೋಡುಗಳ ಆಳವು ಕಾಲು ತರಂಗದೂರಕ್ಕಿಂತ ತುಸು ಹೆಚ್ಚಾಗಿರುತ್ತದೆ. ಅಂತಹ ತೋಡಿನ ಬಾಯಿ ತರಂಗದ ಪಾಲಿಗೆ ಮುಚ್ಚಿದ ಬಾಗಿಲಿನಂತಾಗಿ, ಮೇಲ್ಮೈ ತರಂಗವು ಅಲ್ಲಿಯೇ ನಿಲ್ಲುತ್ತದೆ.

ಫಲಕವೂ ಉಂಗುರಗಳೂ ತಡೆಯುವುದು ದಿಗಂತದ ಕೆಳಗಿನಿಂದ ಬರುವ ಪ್ರತಿಫಲನವನ್ನು ಮಾತ್ರ. ಪಕ್ಕದ ಕಟ್ಟಡದ ಗೋಡೆಯಿಂದ ಬರುವ ಪ್ರತಿಫಲನವು ಮೇಲಿನಿಂದಲೇ ಇಳಿಯುವುದರಿಂದ, ಅತ್ಯುತ್ತಮ ಆಂಟೆನವೂ ಅದನ್ನು ಪೂರ್ಣವಾಗಿ ತಿರಸ್ಕರಿಸಲಾರದು. ಅಲ್ಲಿ ಸ್ಥಳವನ್ನು ಬದಲಾಯಿಸುವುದೇ ಪರಿಹಾರ. ಅಂತೆಯೇ ದಟ್ಟವಾದ ಅಡಕೆ ತೋಟದೊಳಗೆ, ಅದರಲ್ಲಿಯೂ ಮಳೆಯಿಂದ ನೆನೆದ ಗರಿಗಳ ಕೆಳಗೆ, ಸಂಕೇತವು ಕುಗ್ಗಿ ಚದರಿಹೋಗುತ್ತದೆ. ಹೆಚ್ಚಿನ ಬೆಲೆಯ ಆಂಟೆನದಿಂದ ಆ ನಷ್ಟ ತುಂಬುವುದಿಲ್ಲ. ತೋಟದ ಹೊರಗೆ ಬಯಲಿನಲ್ಲಿ ಎರಡು ಬಿಂದುಗಳನ್ನು ಉಪಗ್ರಹದಿಂದ ಸ್ಥಾಪಿಸಿ, ಒಳಗಿನ ಗಡಿಯನ್ನು ಟೋಟಲ್ ಸ್ಟೇಷನ್ನಿನಿಂದ ಅಳೆಯುವುದು ಯುಕ್ತ.

ಒಂದು ಸ್ಥಳದಲ್ಲಿ ಬಹುಪಥವಿದೆಯೇ ಎಂಬುದನ್ನು ಪರೀಕ್ಷಿಸುವುದು ಕಷ್ಟವಲ್ಲ. ಜಿಪಿಎಸ್ ಉಪಗ್ರಹಗಳ ವಿನ್ಯಾಸವು ಪ್ರತಿದಿನವೂ ಸುಮಾರು 4 ನಿಮಿಷ ಮುಂಚಿತವಾಗಿ ಪುನರಾವರ್ತನೆಯಾಗುತ್ತದೆ. ಎರಡು ದಿನಗಳ ಅಳತೆಗಳನ್ನು ಈ 4 ನಿಮಿಷ ಸರಿಸಿ ಹೋಲಿಸಿದಾಗ ಒಂದೇ ಬಗೆಯ ಏರಿಳಿತ ಕಂಡುಬಂದರೆ, ಅದು ಆಕಸ್ಮಿಕ ಗದ್ದಲವಲ್ಲ, ಸ್ಥಳದ ಪ್ರತಿಫಲನವೆಂದು ತಿಳಿಯಬಹುದು.

4. ಯಾವ ಕೆಲಸಕ್ಕೆ ಯಾವ ಆಂಟೆನ

ಈ ತತ್ತ್ವಗಳ ಆಧಾರದ ಮೇಲೆ ಬಳಕೆಯಲ್ಲಿರುವ ಆಂಟೆನಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಪಿಂಗಾಣಿ ಬಿಲ್ಲೆಯ ಚಿಕ್ಕ ಆಂಟೆನ. ಇದು ಅಗ್ಗವಾದುದು, ಹಗುರವಾದುದು. ಸರಿಯಾದ ಲೋಹಫಲಕವಿಲ್ಲದೆ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ; ಫಲಕದ ಗಾತ್ರ ಬದಲಾದರೆ ಪ್ರಾವಸ್ಥಾ ಕೇಂದ್ರವೂ ಬದಲಾಗುತ್ತದೆ. ಕಾಲೇಜಿನ ಬೋಧನೆಗೂ ಡೆಸಿಮೀಟರು ನಿಖರತೆಯ ಕೆಲಸಕ್ಕೂ ಇದು ಸಾಲುತ್ತದೆ. ಸೆಂಟಿಮೀಟರಿನ ಎತ್ತರ ಬೇಕಾದಲ್ಲಿ ಇದನ್ನು ನೆಚ್ಚಬಾರದು.

ಎರಡನೆಯದು ಫಲಕವನ್ನು ಒಳಗೊಂಡ ಭೂಮಾಪನ ಆಂಟೆನ. ಇದರ ಕೋಷ್ಟಕಗಳು ಪ್ರಕಟವಾಗಿರುತ್ತವೆ; ಕೇಂದ್ರದ ಏರಿಳಿತ ಅಲ್ಪವಾಗಿರುತ್ತದೆ. ಕ್ಷೇತ್ರಕಾರ್ಯದ ಬಹುಪಾಲಿಗೆ ಇದೇ ಯೋಗ್ಯ. ಮೂರನೆಯದು ಉಂಗುರ ಆಂಟೆನ. ಇದು ಭಾರವಾದುದು, ಬೆಲೆಯುಳ್ಳದ್ದು. ವ್ಯಾಸವು ಸುಮಾರು 38 ಸೆಂಟಿಮೀಟರು. ಇದನ್ನು ಕೋಲಿನ ಮೇಲೆ ಹೊತ್ತು ತಿರುಗುವುದು ಸಾಧ್ಯವಿಲ್ಲ. ವರ್ಷಾನುಗಟ್ಟಲೆ ಒಂದೇ ಕಡೆ ನಿಲ್ಲುವ ನೆಲೆಗಳಿಗೂ ಮಿಲಿಮೀಟರು ಚಲನೆಯನ್ನು ಗುರುತಿಸಬೇಕಾದ ವೀಕ್ಷಣೆಗೂ ಇದು ತಕ್ಕುದು.

ಆವೃತ್ತಿಯ ಹೊಂದಾಣಿಕೆಯನ್ನೂ ನೋಡಬೇಕು. ಎಲ್‌1 ಒಂದನ್ನೇ ಹಿಡಿಯುವ ಆಂಟೆನವನ್ನು ಮೂರು ಆವೃತ್ತಿಯ ಗ್ರಾಹಕಕ್ಕೆ ಕೂಡಿಸಿದರೆ ಗ್ರಾಹಕದ ಎರಡು ಭಾಗ ವ್ಯರ್ಥವಾಗುತ್ತದೆ. ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಪೀಳಿಗೆಯ ಉಪಗ್ರಹಗಳು ಎಲ್‌5ರಲ್ಲಿಯೂ, 2492.028 ಮೆಗಾಹರ್ಟ್ಸ್‌ನ ಎಸ್ ಪಟ್ಟಿಯಲ್ಲಿಯೂ ಸಂಕೇತಗಳನ್ನು ಕಳುಹಿಸುವಂತೆ ರಚಿತವಾದವು. 2023ರ ಮೇ 29ರಂದು ಉಡಾವಣೆಯಾದ ಎನ್‌ವಿಎಸ್-01 ಉಪಗ್ರಹದಿಂದ ಮೊದಲಾಗಿ ಎಲ್‌1 ಸಂಕೇತವೂ ಸೇರಿತು. ಸಾಮಾನ್ಯ ಭೂಮಾಪನ ಆಂಟೆನಗಳು ಎಸ್ ಪಟ್ಟಿಯನ್ನು ಹಿಡಿಯುವುದಿಲ್ಲ. ನಾವಿಕ್ ಬೇಕೆನ್ನುವವರು ಯಾವ ಆವೃತ್ತಿಯ ನಾವಿಕ್ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು.

ಮಳೆ ಧೂಳುಗಳಿಂದ ರಕ್ಷಿಸುವ ಗುಮ್ಮಟದಂತಹ ಮುಚ್ಚಳವೂ ಪ್ರಾವಸ್ಥಾ ಕೇಂದ್ರವನ್ನು ಸರಿಸುತ್ತದೆ. ಆದುದರಿಂದ ಆಂಟೆನವನ್ನೂ ಮುಚ್ಚಳವನ್ನೂ ಒಂದು ಜೋಡಿಯಾಗಿ ಪರಿಗಣಿಸುತ್ತಾರೆ. ಅಂತರರಾಷ್ಟ್ರೀಯ ಕೋಷ್ಟಕಗಳಲ್ಲಿ ಆಂಟೆನದ ಹೆಸರು 20 ಅಕ್ಷರಸ್ಥಾನಗಳದ್ದಾಗಿದ್ದು, ಅದರ ಕೊನೆಯ 4 ಸ್ಥಾನಗಳು ಮುಚ್ಚಳಕ್ಕೆ ಮೀಸಲಾಗಿವೆ. ಬರಿಯ ಆಂಟೆನದ ಕೋಷ್ಟಕವನ್ನು ಮುಚ್ಚಳವುಳ್ಳ ಆಂಟೆನಕ್ಕೆ ಬಳಸುವುದು ತಪ್ಪು.

5. ವರ್ಧಕ ಮತ್ತು ಕೇಬಲ್

ಅತಿ ದುರ್ಬಲವಾದ ಸಂಕೇತವು ಕೇಬಲಿನಲ್ಲಿ ಇನ್ನಷ್ಟು ಕುಗ್ಗುತ್ತದೆ. 1.5 ಗಿಗಾಹರ್ಟ್ಸ್ ಸುತ್ತಿನ ಆವೃತ್ತಿಯಲ್ಲಿ, 5 ಮಿಲಿಮೀಟರು ದಪ್ಪದ ಸಾಮಾನ್ಯ ಕೇಬಲು ಮೀಟರೊಂದಕ್ಕೆ ಅರ್ಧ ಡೆಸಿಬೆಲಿಗಿಂತ ಹೆಚ್ಚು ನಷ್ಟಮಾಡುತ್ತದೆ. 10 ಮಿಲಿಮೀಟರು ದಪ್ಪದ ಉತ್ತಮ ಕೇಬಲಿನಲ್ಲಿ ನಷ್ಟವು ಮೀಟರಿಗೆ ಸುಮಾರು 0.17 ಡೆಸಿಬೆಲ್. ಈ ಕಾರಣದಿಂದ ಆಂಟೆನದೊಳಗೇ ವರ್ಧಕವನ್ನಿಟ್ಟು, ಅದಕ್ಕೆ ಬೇಕಾದ ವಿದ್ಯುತ್ತನ್ನು ಅದೇ ಕೇಬಲಿನ ಮೂಲಕ ಗ್ರಾಹಕದಿಂದ ಕಳುಹಿಸುತ್ತಾರೆ.

ವರ್ಧಕವು ಮೇಲೆಯೇ ಇರಬೇಕೇಕೆ ಎಂಬುದನ್ನು ಲೆಕ್ಕದಿಂದ ತೋರಿಸಬಹುದು. ವರ್ಧಕದ ಗಳಿಕೆ 30 ಡೆಸಿಬೆಲ್, ಅದರ ಗದ್ದಲಾಂಕ 2 ಡೆಸಿಬೆಲ್, ಕೇಬಲಿನ ನಷ್ಟ 10 ಡೆಸಿಬೆಲ್, ಗ್ರಾಹಕದ ಗದ್ದಲಾಂಕ 10 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಮೊದಲ ಹಂತದ ಗಳಿಕೆಯಿಂದ ಮುಂದಿನ ಹಂತಗಳ ಗದ್ದಲವು ಭಾಗಿಸಲ್ಪಡುತ್ತದೆ ಎಂಬ ಫ್ರೀಸ್ ಸೂತ್ರದ ಪ್ರಕಾರ, ವರ್ಧಕವು ಆಂಟೆನದಲ್ಲಿದ್ದರೆ ಒಟ್ಟು ಗದ್ದಲದ ಗುಣಕವು 1.68. ಅದೇ ವರ್ಧಕವನ್ನು ಕೇಬಲಿನ ಕೆಳತುದಿಯಲ್ಲಿಟ್ಟರೆ ಗುಣಕವು 15.9. ಸಲಕರಣೆಗಳು ಅವೇ ಇದ್ದರೂ ಸ್ಥಾನಭೇದದಿಂದ ಒಂಬತ್ತು ಪಟ್ಟಿಗೂ ಮೀರಿದ ವ್ಯತ್ಯಾಸವುಂಟಾಗುತ್ತದೆ. ಕೆಳಗೆ ಕಳೆದುಹೋದ ಸಂಕೇತವನ್ನು ಅನಂತರ ವರ್ಧಿಸಿದರೆ ಗದ್ದಲವೂ ಅದರೊಡನೆ ವರ್ಧಿಸುತ್ತದೆ.

ಹಾಗೆಂದು ಗಳಿಕೆಯನ್ನು ಮಿತಿಮೀರಿ ಹೆಚ್ಚಿಸಬಾರದು. ಚಿಕ್ಕ ಕೇಬಲಿಗೆ ಭಾರಿ ಗಳಿಕೆಯ ಆಂಟೆನವನ್ನು ಕೂಡಿಸಿದರೆ ಗ್ರಾಹಕದ ಮೊದಲ ಹಂತವು ತುಂಬಿತುಳುಕಿ ಸಂಕೇತ ಕೆಡುತ್ತದೆ. ಆಂಟೆನದ ಗಳಿಕೆಯಿಂದ ಕೇಬಲಿನ ನಷ್ಟವನ್ನು ಕಳೆದು, ಉಳಿದುದು ಗ್ರಾಹಕದ ಕೈಪಿಡಿಯಲ್ಲಿ ಹೇಳಿದ ಎಲ್ಲೆಯೊಳಗಿದೆಯೇ ಎಂದು ನೋಡಬೇಕು. ಗ್ರಾಹಕವು ಕೊಡುವ ವೋಲ್ಟೇಜು ಆಂಟೆನಕ್ಕೆ ಬೇಕಾದುದರೊಡನೆ ಹೊಂದುವುದೇ ಎಂಬುದನ್ನೂ ಕೂಡಿಸುವ ಮುನ್ನವೇ ಪರೀಕ್ಷಿಸತಕ್ಕದ್ದು. ಒಂದು ಆಂಟೆನದಿಂದ ಎರಡು ಗ್ರಾಹಕಗಳಿಗೆ ಸಂಕೇತವನ್ನು ಹಂಚುವಾಗ, ಒಂದು ಗ್ರಾಹಕ ಮಾತ್ರ ವಿದ್ಯುತ್ತು ಕೊಡುವಂತೆ ಇನ್ನೊಂದರ ದಾರಿಯನ್ನು ತಡೆದಿರಬೇಕು.

ಇಲ್ಲಿ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಕೇಬಲಿನ ಉದ್ದವು ಹೆಚ್ಚಿದರೆ ಉಪಗ್ರಹದ ದೂರವೂ ಹೆಚ್ಚಿದಂತೆ ಕಾಣುವುದಲ್ಲವೇ, ಸ್ಥಾನ ತಪ್ಪುವುದಿಲ್ಲವೇ ಎಂದು. ಕೇಬಲಿನಲ್ಲಾಗುವ ವಿಳಂಬವು ಎಲ್ಲ ಉಪಗ್ರಹಗಳ ಸಂಕೇತಕ್ಕೂ ಸಮಾನವಾದುದು. ಸ್ಥಾನದ ಮೂರು ಅಜ್ಞಾತಗಳೊಡನೆ ಗ್ರಾಹಕದ ಗಡಿಯಾರದ ದೋಷವನ್ನೂ ಒಂದು ಅಜ್ಞಾತವಾಗಿ ಬಿಡಿಸುವುದರಿಂದ, ಈ ಸಮಾನ ವಿಳಂಬವು ಗಡಿಯಾರದ ದೋಷದಲ್ಲಿ ಸೇರಿಹೋಗುತ್ತದೆ. ಕಾಲಮಾಪನ ಮಾಡುವವರಿಗೆ ಕೇಬಲಿನ ಉದ್ದ ಮುಖ್ಯ; ಸ್ಥಾನಮಾಪನ ಮಾಡುವವರಿಗೆ ಅದರ ನಷ್ಟ ಮಾತ್ರ ಮುಖ್ಯ.

ಕೇಬಲಿನ ಕೂಡುಮೂತಿಗಳೇ ಹೆಚ್ಚಾಗಿ ಕೆಡುವ ಭಾಗಗಳು. ಮಲೆನಾಡು ಕರಾವಳಿಗಳ ಮಳೆಯಲ್ಲಿ ತೇವವು ಒಳಸೇರಿದರೆ ನಷ್ಟವು ದಿನದಿನಕ್ಕೂ ಏರುತ್ತದೆ. ಹೊರಗಿನ ಕೂಡಿಕೆಯನ್ನು ನೀರು ಹೋಗದ ರಬ್ಬರು ಪಟ್ಟಿಯಿಂದ ಸುತ್ತಿ, ಕೇಬಲು ಕಟ್ಟಡವನ್ನು ಹೊಗುವ ಮುನ್ನ ಕೆಳಕ್ಕೆ ಒಂದು ಬಾಗನ್ನು ಬಿಟ್ಟು ನೀರು ತೊಟ್ಟಿಕ್ಕುವಂತೆ ಮಾಡಬೇಕು. ಛಾವಣಿಯ ಮೇಲಿನ ಶಾಶ್ವತ ಆಂಟೆನಕ್ಕೆ ಸಿಡಿಲಿನಿಂದ ರಕ್ಷಣೆಯೂ ಭೂಸಂಪರ್ಕವೂ ಅವಶ್ಯ.

6. ಸ್ಥಾಪನೆ ಮತ್ತು ಎತ್ತರದ ಅಳತೆ

ಅತ್ಯುತ್ತಮ ಆಂಟೆನವನ್ನು ಕೊಂಡ ಮೇಲೂ ಅಂತಿಮ ಫಲವನ್ನು ನಿರ್ಧರಿಸುವುದು ಒಂದು ಅಳತೆಪಟ್ಟಿ ಮತ್ತು ಒಂದು ರಸಮಟ್ಟ. ಎರಡು ಮೀಟರಿನ ಕೋಲು ಒಂದು ಡಿಗ್ರಿಯಷ್ಟು ವಾಲಿದರೆ, ಅದರ ತುದಿಯಲ್ಲಿರುವ ಆಂಟೆನವು 3.5 ಸೆಂಟಿಮೀಟರು ಪಕ್ಕಕ್ಕೆ ಸರಿದಿರುತ್ತದೆ. ಹಳ್ಳಿಗಳ ವಾಸದ ಮನೆಗಳ ಗಡಿಯನ್ನು ಗುರುತಿಸುವುದಕ್ಕಾಗಿ 2020ರ ಏಪ್ರಿಲ್ 24ರಂದು ಆರಂಭವಾದ, ಕರ್ನಾಟಕವೂ ಮೊದಲ ಹಂತದಲ್ಲಿಯೇ ಸೇರಿದ್ದ, ಸ್ವಾಮಿತ್ವ ಯೋಜನೆಯಂತಹ ಕಾರ್ಯಗಳಲ್ಲಿ ಇಂತಹ ಸೆಂಟಿಮೀಟರುಗಳೇ ನೆರೆಹೊರೆಯವರ ವಿವಾದಕ್ಕೆ ಕಾರಣವಾಗಬಲ್ಲವು. ರಸಮಟ್ಟವನ್ನು ಆಗಾಗ್ಗೆ ಪರೀಕ್ಷಿಸಿ ಸರಿಪಡಿಸುವುದು ಆಂಟೆನದ ಬಳಕೆಯ ಒಂದು ಅಂಗವೇ ಆಗಿದೆ.

ಮುಕ್ಕಾಲಿಯ ಮೇಲೆ ಆಂಟೆನವಿದ್ದಾಗ ಕಲ್ಲಿನಿಂದ ಉಲ್ಲೇಖಬಿಂದುವಿನವರೆಗೆ ನೇರವಾಗಿ ಪಟ್ಟಿಯನ್ನು ಹಿಡಿಯಲಾಗದು. ಆಗ ಫಲಕದ ಅಂಚಿನವರೆಗೆ ಓರೆಯಾಗಿ ಅಳೆಯುತ್ತಾರೆ. ಓರೆಯ ಅಳತೆ 1.650 ಮೀಟರು, ಫಲಕದ ತ್ರಿಜ್ಯ 0.170 ಮೀಟರು ಎಂದಾದರೆ, ಲಂಬ ಎತ್ತರವು ಪೈಥಾಗೊರಸನ ಪ್ರಮೇಯದಂತೆ 1.641 ಮೀಟರಾಗುತ್ತದೆ. ಅಂಚು ಉಲ್ಲೇಖಬಿಂದುವಿಗಿಂತ 0.035 ಮೀಟರು ಮೇಲಿದ್ದರೆ ಅದನ್ನೂ ಕಳೆದು 1.606 ಮೀಟರನ್ನು ಪಡೆಯುತ್ತೇವೆ. ಬರೆದಿಟ್ಟ ಸಂಖ್ಯೆ ಓರೆಯದೋ ಲಂಬದ್ದೋ, ಅಂಚಿನವರೆಗೋ ಉಲ್ಲೇಖಬಿಂದುವಿನವರೆಗೋ ಎಂಬುದನ್ನು ಹೇಳದೆ ಹೋದರೆ, ಈ ಉದಾಹರಣೆಯಲ್ಲಿ 4.4 ಸೆಂಟಿಮೀಟರಿನ ಸಂದೇಹವು ಶಾಶ್ವತವಾಗಿ ಉಳಿಯುತ್ತದೆ. ಮೂರು ಕಡೆಗಳಿಂದ ಅಳೆದು ಸರಾಸರಿ ತೆಗೆಯುವುದು, ವೀಕ್ಷಣೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಅಳೆಯುವುದು, ಆಂಟೆನದ ಮೇಲಿನ ಉತ್ತರದ ಗುರುತನ್ನು ಉತ್ತರಕ್ಕೇ ತಿರುಗಿಸುವುದು ಇವು ಒಳ್ಳೆಯ ರೂಢಿಗಳು.

ಹೀಗೆ ದೊರೆಯುವುದು ದೀರ್ಘವೃತ್ತಜದಿಂದ ಮೇಲಿನ ಎತ್ತರ. ಕಾಲುವೆಗೆ ಬೇಕಾದುದು ಸಮುದ್ರಮಟ್ಟದ ಎತ್ತರ. ಒಂದರಿಂದ ಇನ್ನೊಂದಕ್ಕೆ ಹೋಗಲು ಜಿಯಾಯ್ಡಿನ ಮಾದರಿ ಬೇಕೆಂಬುದನ್ನು ಇಲ್ಲಿ ಸೂಚಿಸಿ ಮುಂದೆ ಸಾಗುತ್ತೇವೆ.

7. ಎರಡನೆಯ ಆಂಟೆನ

ತತ್ಕ್ಷಣವೇ ಫಲವನ್ನು ಕೊಡುವ ವಿಧಾನದಲ್ಲಿ, ಸ್ಥಿರನೆಲೆಯಿಂದ ಚಲಿಸುವ ಗ್ರಾಹಕಕ್ಕೆ ತಿದ್ದುಪಡಿಗಳನ್ನು ರೇಡಿಯೋ ಮೂಲಕ ಕಳುಹಿಸಬೇಕಾಗುತ್ತದೆ. ಮೊಬೈಲ್ ಜಾಲವಿರುವಲ್ಲಿ ಸರ್ವೆ ಆಫ್ ಇಂಡಿಯಾದ ನಿರಂತರ ನೆಲೆಗಳ ತಿದ್ದುಪಡಿಯನ್ನು ಅಂತರಜಾಲದಿಂದ ಪಡೆಯಬಹುದು. ಜಾಲವಿಲ್ಲದ ಕಣಿವೆ ಕಾಡುಗಳಲ್ಲಿ ರೇಡಿಯೋ ಬೇಕು. ಇದರ ಆಂಟೆನಕ್ಕೆ ಬೇರೆಯದೇ ಆದ ನ್ಯಾಯವಿದೆ. ಇಲ್ಲಿ ಅಳತೆಯಿಲ್ಲ, ಸಂದೇಶ ಮುಟ್ಟಿದರೆ ಸಾಕು. ಆದುದರಿಂದ ಎತ್ತರವೇ ಪ್ರಧಾನ.

ಅಡೆತಡೆಯಿಲ್ಲದ ಬಯಲಿನಲ್ಲಿ ರೇಡಿಯೋ ದಿಗಂತದ ದೂರವು, ಎರಡು ಆಂಟೆನಗಳ ಎತ್ತರಗಳನ್ನು ಮೀಟರುಗಳಲ್ಲಿ ಬರೆದು ಅವುಗಳ ವರ್ಗಮೂಲಗಳ ಮೊತ್ತವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಎರಡೂ 2 ಮೀಟರು ಎತ್ತರದಲ್ಲಿದ್ದರೆ ಸುಮಾರು 11.7 ಕಿಲೋಮೀಟರು, ಸ್ಥಿರನೆಲೆಯದನ್ನು 8 ಮೀಟರಿಗೆ ಏರಿಸಿದರೆ 17.5 ಕಿಲೋಮೀಟರು. ಇದು ಮೇಲಿನ ಎಲ್ಲೆ ಮಾತ್ರ. ಮರ ಗುಡ್ಡಗಳು ಇದನ್ನು ಬಹಳ ಕುಗ್ಗಿಸುತ್ತವೆ. ಪ್ರಸಾರಕಕ್ಕೆ ಮೇಲ್ತುದಿಯಲ್ಲಿ ವರ್ಧಕವಿಲ್ಲವಾದ್ದರಿಂದ ಕೇಬಲಿನಲ್ಲಿ 3 ಡೆಸಿಬೆಲ್ ಕಳೆದರೆ ಅರ್ಧ ಶಕ್ತಿಯೇ ಹೋದಂತೆ. ಹೆಚ್ಚು ಗಳಿಕೆಯ ನಿಲುವು ಆಂಟೆನವು ತನ್ನ ಪ್ರಸಾರವನ್ನು ದಿಗಂತದ ಕಡೆಗೆ ಚಪ್ಪಟೆಯಾಗಿಸುವುದರಿಂದ ಬಯಲುಸೀಮೆಗೆ ಅನುಕೂಲ. ಗುಡ್ಡದ ನೆತ್ತಿಯಿಂದ ಬುಡದ ಕಣಿವೆಗೆ ಕಳುಹಿಸುವಾಗ ಪ್ರಸಾರವು ತಲೆಯ ಮೇಲೆ ಹಾದುಹೋಗಬಹುದು. ಪ್ರಸಾರದ ಆಂಟೆನವನ್ನು ಉಪಗ್ರಹ ಆಂಟೆನದಿಂದ ಹಲವು ಮೀಟರು ದೂರದಲ್ಲಿಡಬೇಕು. ಆಂಟೆನವನ್ನು ಕೂಡಿಸದೆ ಪ್ರಸಾರಕವನ್ನು ಚಾಲನೆ ಮಾಡಬಾರದು. ಪರವಾನಗಿ ಬೇಕಾದ ಆವೃತ್ತಿಗಳನ್ನು ಪರವಾನಗಿಯಿಲ್ಲದೆ ಬಳಸಬಾರದು.

8. ಕಾಲೇಜಿನಲ್ಲಿ ಮಾಡಬಹುದಾದ ಪ್ರಯೋಗ

ಕೋಷ್ಟಕವನ್ನು ನಂಬುವುದಷ್ಟೇ ಅಲ್ಲದೆ ಅದನ್ನು ಪರೀಕ್ಷಿಸುವ ಒಂದು ಸುಲಭ ಪ್ರಯೋಗವನ್ನು ಅಧ್ಯಾಪಕರ ಗಮನಕ್ಕೆ ತರಬಯಸುತ್ತೇವೆ. ತೆರೆದ ಛಾವಣಿ ಅಥವಾ ಮೈದಾನದಲ್ಲಿ ಹತ್ತು ಮೀಟರು ಅಂತರದಲ್ಲಿ ಎರಡು ಸ್ಥಿರಬಿಂದುಗಳನ್ನು ಗುರುತಿಸಿ, ಭಿನ್ನ ಮಾದರಿಯ ಎರಡು ಆಂಟೆನಗಳನ್ನು ಅವುಗಳ ಮೇಲಿಟ್ಟು ಕೆಲವು ಗಂಟೆಗಳ ಕಾಲ ವೀಕ್ಷಿಸಬೇಕು. ಕೋಷ್ಟಕವನ್ನು ಬಳಸದೆ ಎಲ್‌1 ಒಂದರಿಂದಲೇ ಎತ್ತರಗಳ ವ್ಯತ್ಯಾಸವನ್ನು ಲೆಕ್ಕ ಹಾಕಬೇಕು. ಮರುದಿನ, 4 ನಿಮಿಷ ಮುಂಚಿತವಾಗಿ ಆರಂಭಿಸಿ, ಆಂಟೆನಗಳನ್ನು ಅದಲುಬದಲು ಮಾಡಿ ಅದೇ ಕ್ರಮದಲ್ಲಿ ವೀಕ್ಷಿಸಬೇಕು. ಎರಡು ಫಲಗಳ ಸರಾಸರಿಯು ಬಿಂದುಗಳ ನಿಜವಾದ ಎತ್ತರದ ವ್ಯತ್ಯಾಸ. ಅವುಗಳ ಅಂತರದ ಅರ್ಧವು ಎರಡು ಆಂಟೆನಗಳ ಪ್ರಾವಸ್ಥಾ ಕೇಂದ್ರಗಳ ವ್ಯತ್ಯಾಸ. ಸರಾಸರಿಯನ್ನು ಮಟ್ಟಯಂತ್ರದಿಂದ ಅಳೆದ ವ್ಯತ್ಯಾಸದೊಡನೆಯೂ, ಅರ್ಧವನ್ನು ಪ್ರಕಟಿತ ಕೋಷ್ಟಕದೊಡನೆಯೂ ಹೋಲಿಸಬಹುದು. ಕಾಣದ ಬಿಂದುವೊಂದನ್ನು ವಿದ್ಯಾರ್ಥಿಯು ತಾನೇ ಅಳೆದು ಕಂಡಂತಾಗುತ್ತದೆ.

ನಮ್ಮ ನಾಡಿನಲ್ಲಿ ಭೂಮಾಪನದ ಇಂತಹ ಎಚ್ಚರಿಕೆಗೆ ಹಳೆಯ ಪರಂಪರೆಯೇ ಇದೆ. ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದಾಗ ಉಕ್ಕಿನ ಸರಪಳಿಯನ್ನು ಬಳಸಿದನು. ಬಿಸಿಲಿಗೆ ಹಿಗ್ಗುವ ಆ ಸರಪಳಿಯ ಉದ್ದವನ್ನು ತಿಳಿಯಲು ಉಷ್ಣತೆಯನ್ನೂ ಅಳೆದು ಬರೆಯಬೇಕಾಗಿದ್ದಿತು. ಇಂದು ಸರಪಳಿಯ ಸ್ಥಾನದಲ್ಲಿ ತರಂಗವಿದೆ. ಉಷ್ಣಮಾಪಕದ ಸ್ಥಾನದಲ್ಲಿ ಆಂಟೆನದ ಕೋಷ್ಟಕವಿದೆ. ಆಂಟೆನದ ಪೂರ್ಣ ಹೆಸರು, ಕ್ರಮಸಂಖ್ಯೆ, ಮುಚ್ಚಳ, ಎತ್ತರ, ಎತ್ತರವನ್ನು ಅಳೆದ ವಿಧಾನ, ಬಳಸಿದ ಕೋಷ್ಟಕ ಈ ಆರನ್ನೂ ಕ್ಷೇತ್ರಪುಸ್ತಕದಲ್ಲಿ ಬರೆಯುವುದಕ್ಕೆ ಎರಡು ನಿಮಿಷ ಸಾಕು. ಇವಿಷ್ಟು ಇದ್ದರೆ ಇಪ್ಪತ್ತು ವರ್ಷಗಳ ಅನಂತರವೂ ಆ ಅಳತೆಯನ್ನು ಹೊಸ ಕೋಷ್ಟಕದೊಡನೆ ಮತ್ತೆ ಲೆಕ್ಕಹಾಕಬಹುದು. ಇವು ಇಲ್ಲದಿದ್ದರೆ, ಎಷ್ಟೇ ಬೆಲೆಯ ಗ್ರಾಹಕದಿಂದ ಪಡೆದ ಸಂಖ್ಯೆಯಾದರೂ ಅದು ಯಾವ ಬಿಂದುವಿನದೆಂದು ಹೇಳುವುದು ಯಾರಿಂದಲೂ ಆಗದು.